ಸುಂಯ್ ಅಂದದ್ದು ಇಲಿಯಲ್ಲ

ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ನನಗಿಂತ ನನ್ನ ಕಿವಿಗೆ ಮರ್ಯಾದೆ ಹೆಚ್ಚು. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು. ಗುಳುಗುಳು ಎಂದರೆ ಒಳಗೆ ಇನ್ನೂ ನೀರಿದೆ. ಗಡಗಡ ಎಂದರೆ ಕೊಬ್ಬರಿಯಾಗಿದೆ. ಒಡೆಯದೆಯೇ ಒಳಗಿನ ಸಮಾಚಾರ ಹೇಳಬಲ್ಲ ಇಂಥ ಮಹಾನುಭಾವನ ಹಳ್ಳಿಯ ಮನೆಯಲ್ಲೇ ಮಳೆ ಹಿಡಿದ ಮೇಲೆ ಒಂದು ಸದ್ದು ಹುಟ್ಟಿಕೊಂಡಿತು. ಸುಂಯ್... ಸುಂಯ್... ತೆಳ್ಳಗೆ, ಸೀಟಿ ಊದಿದ ಹಾಗೆ, ಅಡುಗೆಮನೆ ಕಡೆಯಿಂದ.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಶುಭ ಬದಲಾವಣೆಯೂ ಆಗಿತ್ತು. ನನ್ನ ಹೆಂಡತಿ ಜಯಮ್ಮ ಮಾತು ಕಡಿಮೆ ಮಾಡಿದ್ದಳು! ಮೊದಲಾದರೆ ನಾನು ಕೊತ್ತಂಬರಿ ಸೊಪ್ಪು ಮರೆತು ಬಂದರೆ ಅಲ್ಲಿಂದ ಹೊರಟು ನಮ್ಮ ಮದುವೆಯಲ್ಲಿ ನಮ್ಮ ಕಡೆಯವರು ಮಾಡಿದ ಎಡವಟ್ಟಿನವರೆಗೂ ಹೋಗಿ ಬರುತ್ತಿದ್ದಳು. ಈಗ "ಓಗ್ಲಿ ಬಿಡಿ" ಎಂದು ಸುಮ್ಮನಾಗುತ್ತಿದ್ದಳು. ಅಂತೂ ನನ್ನ ಬೆಲೆ ಇವಳಿಗೆ ಗೊತ್ತಾಯಿತು ಎಂದುಕೊಂಡೆ. ಟೀ ಅಂಗಡಿಯಲ್ಲಿ "ಮನೇಲೀಗ ನಂದೇ ಮಾತು ಕಣ್ರಲಾ" ಎಂದು ಘೋಷಣೆಯನ್ನೂ ಹೊರಡಿಸಿಬಿಟ್ಟೆ.

ಸದ್ದಿನ ವಿಚಾರವನ್ನು ಪಕ್ಕದ ಮನೆಯ ನಂಜಪ್ಪಣ್ಣನ ಮುಂದಿಟ್ಟೆ.

"ಅಟ್ಟದ ತುಂಬ ಕಾಯಿ ತುಂಬ್ಕಂಡಿದ್ದೀಯ. ಇಲಿ ಅಲ್ದೆ ಇನ್ನೇನ್ಲಾ?" ಎಂದ.

ನನ್ನ ಕಿವಿಯೂ ಅದನ್ನೇ ಅನುಮೋದಿಸಿತು. ಮರಿ ಹಾಕಿದ ಇಲಿ ಎಂದು ತೀರ್ಪು ಕೊಟ್ಟೆ.

"ಇಲಿ ಅಲ್ಲ ಕಣ್ರೀ," ಎಂದಳು ಜಯಮ್ಮ. ಉಸಿರು ಎಳೆದುಕೊಂಡಳು. "ನಂಗೇ ಯಾಕೋ... ಎದೆ ಬಿಗ್ದಂಗೆ..."

"ಇಲಿ ಅಂದ್ರೆ ಎಂಥವ್ರಿಗೂ ಎದೆ ಬಿಗೀತದೆ. ನೀನು ಎದ್ರುಕೋಬ್ಯಾಡ, ನಾನಿಲ್ವಾ!" ಎಂದು ಧೈರ್ಯ ತುಂಬಿದೆ.

ಬೋನಿಗೆ ವಡೆ ಸಿಕ್ಕಿಸಿ ಇಟ್ಟೆ. ವಡೆ ಒಣಗಿತು, ಇಲಿ ಬೀಳಲಿಲ್ಲ. ಜಯಮ್ಮನಿಗೆ ಏಣಿ ಹಿಡಿದುಕೊಳ್ಳಲು ಹೇಳಿ ನಾನೇ ಅಟ್ಟ ಹತ್ತಿದೆ. ಮೇಲೆ ಸದ್ದೇ ಇಲ್ಲ. ಕೆಳಗಿಳಿದರೆ ಏಣಿಯ ಬುಡದಲ್ಲೇ ಸುಂಯ್! ಭಾರಿ ಚಾಲಾಕಿ ಇಲಿ, ನಾನು ಹತ್ತಿದರೆ ಇಳಿಯುತ್ತದೆ, ಇಳಿದರೆ ಹತ್ತುತ್ತದೆ ಎಂದು ನಿರ್ಧರಿಸಿದೆ. ಏಣಿ ಹಿಡಿದವಳ ಮುಖವನ್ನು ಮಾತ್ರ ನೋಡಲಿಲ್ಲ. ಸಾಲದ್ದಕ್ಕೆ, "ನನಗೆ ಸೊಂಟ ನೋವು, ಒಂಚೂರು ನೀನೇ ಗುಡಿಸಿಬಿಡು" ಎಂದು ಅವಳನ್ನೇ ಅಟ್ಟಕ್ಕೆ ಹತ್ತಿಸಿದೆ. ಕಾಯಿಸಿಪ್ಪೆಯ ಧೂಳು, ಬೂಷ್ಟು ಎಲ್ಲ ಕುಡಿದು ಅವಳು ಕೆಳಗಿಳಿದಾಗ ಸದ್ದು ಎರಡರಷ್ಟಾಗಿತ್ತು.

"ನೋಡ್ದಾ? ಇಲಿ ಎದ್ದು ಓಡಾಡ್ತಾ ಐತೆ!" ಎಂದು ಹಿಗ್ಗಿದೆ.

ಆಮೇಲೆ ಕೊನೆಯ ಅಸ್ತ್ರ. ಬಾಗಿಲು ಕಿಟಕಿ ಮುಚ್ಚಿ, ಕೆಂಡಕ್ಕೆ ಹಿಡಿ ತುಂಬ ಒಣಮೆಣಸಿನಕಾಯಿ ಸುರಿದೆ. ಇಲಿ ಹೊರಗೆ ಬರಲಿಲ್ಲ. ನಾನು ಕೆಮ್ಮುತ್ತಾ ಬಂದೆ. ಹಿಂದೆಯೇ ಜಯಮ್ಮ ಬಂದವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಎರಡೂ ಕೈ ಮಂಡಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. "ನೀ... ರು..." ಎಂದಳು. ಅಷ್ಟೇ. ಎರಡಕ್ಷರಕ್ಕೆ ಎರಡು ಉಸಿರು.

ಕೆಮ್ಮಿನ ಗಲಾಟೆಗೆ ಓಡಿಬಂದ ನಂಜಪ್ಪಣ್ಣನ ಹೆಂಡತಿ ಪುಟ್ಟತಾಯಮ್ಮ ಅವಳ ಬೆನ್ನಿಗೆ ಕಿವಿಯಿಟ್ಟು, "ಅಯ್ಯೋ ನಿಮ್ ಬುದ್ಧಿಗಿಷ್ಟು! ಇಲಿ ಇಲ್ಲೈತೆ ನೋಡಿ!" ಎಂದು ಕೂಗಿದಳು.

ಆಟೋದಲ್ಲಿ ಪಟ್ಟಣಕ್ಕೆ ಹೋಗುವಷ್ಟು ಹೊತ್ತೂ ಜಯಮ್ಮನ ಕೈ ಹಿಡಿದು ಕೂತಿದ್ದೆ. ನನಗೆ ಬಹಳ ಭಯವಾಗಿತ್ತು. ಇವಳಿಗೆ ಏನಾದರೂ ಆದರೆ ನಾನು ಯಾರ ಹತ್ತಿರ ಬೈಸಿಕೊಳ್ಳಲಿ ಎಂದು ಕಣ್ಣು ತುಂಬಿಬಂತು.

ಡಾಕ್ಟರಮ್ಮ ಆಮ್ಲಜನಕ ಕೊಟ್ಟು, ಮೂಗು ಬಾಯಿಗೆ ಮಾಸ್ಕ್ ಹಾಕಿ ಔಷಧಿಯ ಹಬೆ ಹಿಡಿಸಿದರು. ಜಯಮ್ಮ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, "ಈ ಸದ್ದು ಯಾವಾಗಿಂದ?"

"ಮಳೆ ಇಡ್ದಾಗಿಂದ ಕೇಳಿಸ್ತಾನೇ ಐತೆ ಮೇಡಂ. ನಾವು ಇಲಿ ಅನ್ಕಂಡಿದ್ವಿ."

ನರ್ಸಮ್ಮ ಗೋಡೆ ಕಡೆ ತಿರುಗಿಕೊಂಡರು.

"ಇದು ಉಬ್ಬಸ. ಧೂಳಿಗೆ, ಹೊಗೆಗೆ ಉಸಿರಿನ ಕೊಳವೆ ಕಿರಿದಾಗಿ ಸೀಟಿ ಹೊಡೀತಿದೆ," ಎಂದರು ಡಾಕ್ಟರಮ್ಮ.

ನನ್ನೊಳಗಿನ ಮಂಡಿಯ ಮನುಷ್ಯ ಸುಮ್ಮನಿರಬೇಕಲ್ಲ! "ಅಂಗಾರೆ ಗುಳುಗುಳು ಅಂದ್ರೆ ನೀರು ತುಂಬೈತೆ ಅಂತಲಾ ಮೇಡಂ?"

"ಕಫ ಇರಬಹುದು. ಸಣ್ಣಗೆ ಚರಚರ ಅಂದ್ರೆ ನ್ಯುಮೋನಿಯಾ ಇರಬಹುದು, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಿರಲೂಬಹುದು. ಉಸಿರು ಎಳ್ಕೊಳ್ಳುವಾಗ ಗಂಟಲಲ್ಲಿ ಗೊರ್ ಅಂದ್ರೆ ಏನಾದ್ರೂ ಸಿಕ್ಕಿರಬಹುದು. ಬರೀ ಸದ್ದು ಕೇಳಿ ನಾವೂ ತೀರ್ಪು ಕೊಡಲ್ಲ, ಪರೀಕ್ಷೆ ಮಾಡ್ತೀವಿ. ನೀವು ಕೊಡೋಕೆ ಹೋಗಬೇಡಿ. ಸದ್ದು ಹೊಸದಾಗಿ ಬಂದ್ರೆ, ಬಂದು ಬಂದು ಹೋಗ್ತಿದ್ರೆ ತೋರಿಸ್ಬೇಕು. ತುಟಿ ನೀಲಿಯಾದ್ರೆ, ಎದೆ ನೋವು ಬಂದ್ರೆ, ಕೆಮ್ಮಿದಾಗ ರಕ್ತ ಬಂದ್ರೆ, ಒಂದು ಮಾತು ಪೂರ್ತಿ ಆಡೋಕೆ ಉಸಿರು ಸಾಲದೆ ಹೋದ್ರೆ, ಕಾಯಬಾರದು. ತಕ್ಷಣ ಆಸ್ಪತ್ರೆ. ಇವರಿಗೆ ಮಾತಾಡೋಕೆ ಕಷ್ಟ ಆಗ್ತಿತ್ತಾ?"

ನಾನು ನೆಲ ನೋಡಿದೆ. "ಮಾತು ಕಮ್ಮಿ ಆಗಿತ್ತು ಮೇಡಂ. ನಾನು... ನನ್ ಮಾತಿಗೆ ಬೆಲೆ ಬಂತು ಅನ್ಕಂಡಿದ್ದೆ."

ಮಾಸ್ಕಿನೊಳಗಿಂದ ಜಯಮ್ಮ ನನ್ನನ್ನೇ ನೋಡಿದಳು. ಬೈಯಲು ಉಸಿರಿರಲಿಲ್ಲ, ಪಾಪ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು. ಟೀ ಅಂಗಡಿಯಲ್ಲಿ ನಾನು ಕೊಚ್ಚಿಕೊಂಡ ಅಷ್ಟೂ ದಿನ ಈ ಹೆಂಗಸು ಒಂದೊಂದು ಉಸಿರಿಗೂ ಒದ್ದಾಡುತ್ತಾ ನನಗೆ ಮುದ್ದೆ ಕಟ್ಟಿ ಬಡಿಸಿದ್ದಳು.

ಈಗ ಅವಳ ಸೆರಗಿನ ಗಂಟಿನಲ್ಲಿ ಇನ್ಹೇಲರ್ ಇದೆ. ಅಟ್ಟ ಗುಡಿಸುವುದು ನನ್ನ ಪಾಲು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಸೊಂಟ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೊನ್ನೆ ತನ್ನ ತಂಗಿಗೆ ಫೋನ್ ಮಾಡಿ ಹೇಳಿ ಎಂದು ಜಯಮ್ಮ ಅಂದಿದ್ದ ವಿಷಯವನ್ನು ಮರೆತೆ. ಶುರುವಾಯಿತು ನೋಡಿ! ತಂಗಿಯಿಂದ ಹೊರಟ ಮಾತು ನನ್ನ ಅಕ್ಕನನ್ನು ದಾಟಿ, ನಮ್ಮಪ್ಪನ ಸಿಡುಕನ್ನು ಹಾದು, ಎಲ್ಲೂ ನಿಲ್ಲದೆ ನಮ್ಮ ಮದುವೆ ಮಂಟಪವನ್ನು ತಲುಪಿತು. ನಾನು ಉಸಿರು ಬಿಗಿಹಿಡಿದು ಕೇಳುತ್ತಾ ನಿಂತೆ. ನಡುವೆ ಒಂದು ತಡೆ ಇಲ್ಲ, ಸೀಟಿ ಇಲ್ಲ, ತುಟಿ ಕೆಂಪಗಿದೆ. ಆನಂದದಿಂದ ತಲೆಯಾಡಿಸಿದೆ.

"ಏನ್ ಅಂಗೆ ತಲೆ ಅಲ್ಲಾಡುಸ್ತೀರಾ? ನಾನೇಳಿದ್ದು ಕೇಳಿಸ್ತಾ?"

"ಕೇಳಿಸ್ತು ಕಣೆ, ಬಾಳ ಚೆನ್ನಾಗಿ ಕೇಳಿಸ್ತು!"

"ಏನಂದೆ, ಏಳಿ ನೋಡಾನ?"

ಬಾಯಿ ತೆರೆದೆ. ಉಸಿರು ಕೇಳುವ ಭರದಲ್ಲಿ ಮಾತು ಒಂದೂ ಕಿವಿಗೆ ಬಿದ್ದಿರಲಿಲ್ಲ!