ನಾಲ್ಕು ಜನ, ನಾಲ್ಕು ಊರು, ನನ್ನ ಹೊಟ್ಟೆಕಿಚ್ಚು

ಇರುವುದು ಕಮ್ಮಿ, ಕೇಳುವವರು ಹೆಚ್ಚು ಎನ್ನುವ ಕಡೆ ನೌಕರಿ ಮಾಡಿದವರಿಗೆ ಇಂಥ ಫಜೀತಿಗಳು ತಪ್ಪುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನಿದ್ದದ್ದು ಪುಣೆಯ ಒಂದು ಮಿಲಿಟರಿ ಕಚೇರಿಯಲ್ಲಿ. ಇರುವ ಲಾರಿ, ಡೇರೆ, ಬಿಡಿಭಾಗಗಳನ್ನು ಯಾವ ತುಕಡಿಗೆ ಎಷ್ಟು ಕೊಟ್ಟರೆ ಹೆಚ್ಚು ಉಪಯೋಗ ಎಂದು ಗಣಿತ ಹಾಕಿ ಹೇಳುವುದು ನಮ್ಮ ಕೆಲಸ. ನಾನು ಧಾರವಾಡದವನು. ಪಕ್ಕದ ಕುರ್ಚಿಯವನು ಬೆಳಗಾವಿಯವನು, ನನಗಿಂತ ಕಿರಿಯ, ನನಗಿಂತ ಜಾಣ. ಈ ಕೊನೆಯ ಮಾತನ್ನು ಆಗ ಯಾರಾದರೂ ಅಂದಿದ್ದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಕಂಪ್ಯೂಟರಿನ ಪಾಳಿ

ಇದ್ದದ್ದು ಒಂದೇ ಕಂಪ್ಯೂಟರ್. ಯಾವಾಗ ನೋಡಿದರೂ ಅದರ ಮುಂದೆ ಅವನೇ. ಪಾಳಿ ಮಾಡಿಕೊಡಿ ಎಂದು ಕರ್ನಲ್ ಸಾಹೇಬರ ಹತ್ತಿರ ದೂರು ಒಯ್ದೆ. ಅವರು ಪಾಳಿ ಹಾಕುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು. ನನ್ನ ಪಾಲಿಗೆ ಇಡೀ ಗುರುವಾರ ಬಂತು. ನಮ್ಮ ಭಾಗದಲ್ಲಿ ಗುರುವಾರ ಕರೆಂಟೇ ಇರುತ್ತಿರಲಿಲ್ಲ. ಜಗಳಕ್ಕೆ ಹೋದರೆ ಅವನು ಕಾಗದ ತೋರಿಸಿದ: "ಎಲ್ಲಾರಕಿಂತ ಹೆಚ್ಚು ತಾಸು ನಿಮಗs ಬಂದಾವ ನೋಡ್ರಿ."

ಡೀಸೆಲ್ ಉಳಿತಾಯ

ಮೂರು ಡಿಪೋಗಳಿಗೆ ಲಾರಿ ಹಂಚುವ ಕೆಲಸ ಒಮ್ಮೆ ನನಗೇ ಸಿಕ್ಕಿತು. ಡೀಸೆಲ್ ಆದಷ್ಟು ಕಮ್ಮಿ ಸುಡಬೇಕು ಎಂದು ಬರೆದೆ. ಸಾಮಾನು ಡಿಪೋ ಮುಟ್ಟಬೇಕು ಎಂದು ಬರೆಯುವುದು ಮರೆತೆ. ಕಂಪ್ಯೂಟರ್ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿತು: ಒಂದು ಲಾರಿಯೂ ಹೊರಡುವುದು ಬೇಡ. ಅವನು ಒಂದೇ ಸಾಲು ಸೇರಿಸಿ ಸರಿಮಾಡಿ ಶಾಬಾಸ್‌ಗಿರಿ ಗಿಟ್ಟಿಸಿದ. ನನ್ನ ಕಾಗದವನ್ನು ಸಾಹೇಬರು ಹರಿಯಲಿಲ್ಲ. ಜೋಪಾನವಾಗಿಡಿ, ಶತ್ರುಗಳಿಗೆ ಕಳಿಸಿಕೊಡೋಣ ಎಂದರು.

ವರ್ಗಾವಣೆ

ಆಮೇಲೆ ಅವನೂ ನಾನೂ ಸೇರಿ ಕಚೇರಿಯ ನಾಲ್ವರಿಗೆ ವರ್ಗಾವಣೆ ಬಂತು. ನಾಲ್ಕು ಜಾಗ: ಒಂದು ಪುಣೆಯಲ್ಲೇ, ಎರಡು ಉತ್ತರದ ಕಡೆ, ಒಂದು ಮರುಭೂಮಿಯ ಡಿಪೋ. ನನ್ನ ಹೆಂಡತಿಗೆ ಶಿವಾಜಿನಗರದ ಶಾಲೆಯಲ್ಲಿ ಆಗಷ್ಟೇ ನೌಕರಿ ಕಾಯಂ ಆಗಿತ್ತು. ಪುಣೆ ನನಗೇ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಅವನಿಗೆ ಸಿಗಬಾರದಿತ್ತು.

ಯಾರು ಯಾವ ಜಾಗಕ್ಕೆ ಎಷ್ಟು ಲಾಯಕ್ಕು ಎಂದು ಸಾಹೇಬರು ಪ್ರತಿಯೊಬ್ಬರಿಗೂ ನಾಲ್ಕೂ ಜಾಗಕ್ಕೆ ಅಂಕ ಹಾಕಿಕೊಟ್ಟರು. ಜಾಗಕ್ಕೊಬ್ಬರಂತೆ ಕೂಡಿಸಿ, ಒಟ್ಟು ಅಂಕ ಎಲ್ಲಕ್ಕಿಂತ ಹೆಚ್ಚು ಬರುವ ಹಂಚಿಕೆಯೇ ಆಖೈರು. ಬೆಳಗಾವಿಯವನು ರಜೆಯಲ್ಲಿದ್ದ. ಕಂಪ್ಯೂಟರಿಗೆ ಅಂಕ ತುಂಬುವ ಕೆಲಸ ನನ್ನ ಕೈಗೆ ಬಂತು.

ಅವನ ಸಾಲಿನಲ್ಲಿ ನಾಲ್ಕೂ ಜಾಗಕ್ಕೆ ಹತ್ತತ್ತು ಅಂಕ ಕಳೆದೆ. ಉತ್ತರ ಬಂತು: ಅವನಿಗೆ ಪುಣೆ, ನನಗೆ ಮರುಭೂಮಿ. ಇಪ್ಪತ್ತಿಪ್ಪತ್ತು ಕಳೆದೆ. ಅದೇ ಉತ್ತರ. ಸಿಟ್ಟಿಗೆ ಮೂವತ್ತು ಕಳೆದೆ. ಅವನು ಪುಣೆ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಸಾಹೇಬರು ಬಂದು ಆ ಹಾಳೆಗೇ ಸಹಿ ಹಾಕಿಬಿಟ್ಟರು.

ಸೋಮವಾರ ಅವನು ತನ್ನೂರಿನ ಸಿಹಿ ಕುಂದಾದ ಡಬ್ಬಿ ಹಿಡಿದು ಬಂದ. ನನ್ನ ಮುಂದಿಟ್ಟು, ಹಾಳೆ ಎತ್ತಿಕೊಂಡು ಸಾಹೇಬರು ಹಾಕಿಕೊಟ್ಟ ಅಂಕಗಳ ಪಕ್ಕ ಇಟ್ಟು ಓದಿದ. ಅವನು ಸಿಟ್ಟಾಗಲಿಲ್ಲ. ಪಾಠ ಹೇಳುವ ಮಾಸ್ತರನಂತೆ ಕುರ್ಚಿ ಎಳೆದು ಕೂತ.

"ನಾಕೂ ಕಡೆ ಸಮಾ ಕಳದ್ರ ಏನೂ ಬದಲಾಗೂದಿಲ್ರಿ. ಹೆಂಗಿದ್ರೂ ನನಗ ಒಂದು ಜಾಗಾ ಕೊಡಾಕs ಬೇಕಲ್ಲ, ಎಲ್ಲಿ ಕೊಟ್ರೂ ಅಷ್ಟs ಕಮ್ಮಿ ಆಗ್ತದ. ಪುಣೆ ಒಂದರಾಗ ಕಳದಿದ್ರ ಸಾಕಾಗಿತ್ತು."

ಅವನು ಕುಂದಾ ನನ್ನ ಕಡೆ ಸರಿಸಿದ.

"ಮೊದಲs ನನಗ ಒಂದು ಮಾತು ಕೇಳಬೇಕಿತ್ತಲ್ರಿ. ನಾನs ಸರಿಯಾಗಿ ಕಳದು ಕೊಡ್ತಿದ್ದೆ."