ಸಪ್ಪಳ ಇಲ್ಲದ ರೊಟ್ಟಿ

ಮನಷ್ಯಾ ಏನು ಬೇಕಾದ್ರೂ ಬದಲ್ ಮಾಡ್ಲಿ, ಉಂಬೋ ತಾಟು ಮಾತ್ರ ಬದಲ್ ಮಾಡಬಾರದು ನೋಡ್ರಿ. ಮಾಡಿದ್ರ ದಿನಾ ಒಂದಿಲ್ಲೊಂದು ಫಜೀತಿ ಗಂಟು ಬೀಳ್ತದ. ಇದು ನಾ ಯಾರ ಬಾಯಿಲೆ ಕೇಳಿದ್ದಲ್ಲ, ಮೂರು ತಿಂಗಳು ರೊಟ್ಟಿ ಬಿಟ್ಟು ಅನುಭವಿಸಿದ್ದು.

ನಾ ಬಸ್ ಡ್ರೈವರ್. ಮನಿ ಆಳಂದದಾಗ. ಮುಂಜಾನಿ ಆಳಂದ ಬಿಟ್ಟು ಅಫಜಲಪುರಕ್ಕ, ಅಲ್ಲಿಂದ ಜೇವರ್ಗಿಗೆ, ಮತ್ತ ಅದೇ ದಾರಿಲೆ ವಾಪಸ್. ಇಪ್ಪತ್ತೆಂಟು ವರ್ಷ ಆತು ಸ್ಟೇರಿಂಗ್ ಹಿಡದು. ಆ ದಾರಿನಾಗಿನ ತಗ್ಗು ಎಲ್ಲೆಲ್ಲಿ ಅವ ಅನ್ನೋದು ನಂಗ ಕಣ್ಣು ಮುಚ್ಚಿದ್ರೂ ಗೊತ್ತು. ಹಂಗಂತ ಕಣ್ಣು ಮುಚ್ಚಿ ಹೊಡದಿಲ್ಲ ಮತ್ತ.

೧. ಬುಟ್ಟಿ ಲೆಕ್ಕ

ಡಿಪೋದಾಗ ಆಗಾಗ ಡ್ರೈವರಗೋಳ ಕಣ್ಣು, ಬಿ.ಪಿ., ಸಕ್ರಿ ತಪಾಸಣಿ ಮಾಡ್ತಾರ. ಈ ಸಲ ನನ್ನ ರಕ್ತದಾಗ ಸಕ್ರಿ ಸಿಕ್ಕಾಪಟ್ಟಿ ಬಂತು. ತಪಾಸಣಿ ಮಾಡಿದ ಡಾಕ್ಟರ್ ಮೇಡಂ ಮೈಸೂರು ಕಡಿಯವರು, ಭಾಳ ಸಮಾಧಾನದ ಹೆಣ್ಮಗಳು. ಗುಳಿಗಿ ಬರದು ಮೂರು ತಿಂಗಳು ವಾಯಿದೆ ಕೊಟ್ರು. ಆಮ್ಯಾಲ ಮತ್ತ ರಕ್ತ ನೋಡ್ತೇವಿ, ಸಕ್ರಿ ಇಳಿದ್ರ ಬಸ್ಸು, ಇಲ್ಲಾಂದ್ರ ಡಿಪೋದಾಗ ಕುರ್ಚಿ ಅಂದ್ರು.

ಮಂದಿ ಕುರ್ಚಿ ಸಲುವಾಗಿ ಬಡದಾಡ್ತಾರ, ಖರೇ. ಆದ್ರ ಸ್ಟೇರಿಂಗ್ ಬಿಟ್ಟು ಎಲ್ಲೋ ಮೂಲ್ಯಾಗ ಕುಂತು ರಿಜಿಸ್ಟರ್ ಬರಿಯೋದು ನನ್ನ ಕೈಲೆ ಆಗೂ ಮಾತಲ್ಲ. ಡ್ರೈವರಗ ಸಕ್ರಿ ಅದ ಅಂತ ಗೊತ್ತಾದ್ರ ಮಂದಿ ಬಸ್ ಹತ್ತಾಕ ಅಂಜ್ತಾರ ಅಂತ, ಓಣ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನಮ್ಮಾಕಿಗೆ ತಾಕೀತ್ ಮಾಡಿದೆ.

ಊಟದ ವಿಚಾರ ಹೇಳಬೇಕು, ಮನಿಯವರನ್ನ ಕರಕೊಂಡು ಬರ್ರಿ ಅಂದಿದ್ರು ಮೇಡಂ. ಹೋದ್ವಿ. ದಿನಕ್ಕ ಎಷ್ಟು ರೊಟ್ಟಿ ತಿಂತಾರ ಅಂತ ನಮ್ಮಾಕಿನ್ನ ಕೇಳಿದ್ರು. ಆಕಿ ಮಾರಿ ಗಂಟು ಹಾಕಿದಳು. ನಮ್ಮ ಕಡಿ ಉಣ್ಣವರ ರೊಟ್ಟಿ ಎಣಿಸಂಗಿಲ್ರಿ, ದೃಷ್ಟಿ ಆಗ್ತದ ಅಂದಳು. ಅಂದಾಜರೆ ಹೇಳ್ರಿ ಅಂದ್ರು. ಬುಟ್ಟಿ ಖಾಲಿ ಆಗೋತನಕ ಉಣ್ತಾರ್ರಿ ಅಂದಳು. ಬುಟ್ಟಿ ಎಷ್ಟು ದೊಡ್ಡದು ಅಂತ ಮೇಡಂ ಕೇಳಲಿಲ್ಲ, ನನ್ನ ಪುಣ್ಯಾ.

ರೊಟ್ಟಿ, ಚಪಾತಿ, ಅನ್ನ ಮೂರೂ ಬಿಡ್ಲಿ, ಪಲ್ಯ, ಕಾಳು, ಮಸರು ಹೊಟ್ಟಿ ತುಂಬ ಉಣ್ಲಿ ಅಂತ ಮೇಡಂ ತಿಳಿಸಿ ಹೇಳಿದ್ರು. ನಮ್ಮಾಕಿ ಎಲ್ಲಾ ಕೇಳಿ, 'ರೊಟ್ಟಿ ಇಲ್ದ ಪಲ್ಯ ಎದರ್ಲೆ ಉಣ್ಣೋದ್ರಿ?' ಅಂದಳು.

'ಚಮಚದಲ್ಲಿ ತಿನ್ನಲಿ.'

ನಮ್ಮಾಕಿ ಗಾಬರಿಯಾಗಿ ನನ್ನ ಬಲಗೈ ಹಿಡಕೊಂಡು ಹೊಳ್ಳಿಸಿ ಮಳ್ಳಿಸಿ ನೋಡಿದಳು. 'ಸಕ್ರಿ ಅಷ್ಟೇ ಅಂದಿದ್ರಲ್ರಿ ಮೇಡಂ, ಇವ್ರ ಕೈಗೇನಾಗ್ಯದ?'

೨. ಆಡಿನ ಪಾಲು

ಮೊದಲ ವಾರ ನನ್ನ ಕೈ ತನ್ನಷ್ಟಕ್ಕ ತಾನೇ ರೊಟ್ಟಿ ಇರೋ ಕಡಿ ಹೋಗೋದು, ಬರಿ ತಾಟು ತಡವಿ ವಾಪಸ್ ಬರೋದು. ನಮ್ಮಾಕಿಗೆ ಅದನ್ನ ನೋಡಾಕಾಗಲಿಲ್ಲ. ರೊಟ್ಟಿ ಹಂಗ ಮುರಕೊಂಡು ತಿನ್ನೋದು, ಆದ್ರ ಸಕ್ರಿ ಏರಿಸದಂಥಾದ್ದು ಏನರೆ ಹುಡುಕೇ ಹುಡುಕ್ತೇನಿ ಅಂತ ಸೆರಗು ಸೊಂಟಕ್ಕ ಸಿಗಿಸಿದಳು.

ಮೊದಲ ದಿನ ಕಡ್ಲಿ ಹಿಟ್ಟಿನ ಜುಣಕ ಗಟ್ಟಿಯಾಗಿ ಬೇಯಿಸಿ, ತಾಟಿಗೆ ತೆಳ್ಳಗ ತಟ್ಟಿ, ಆರಿದ ಮ್ಯಾಲ ಎಬ್ಬಿಸಿ ಕೊಟ್ಟಳು. ರುಚಿ ಏನೋ ಛಲೋ ಇತ್ತು. ಹಚ್ಚಿಕೊಂಡು ತಿನ್ನಾಕ ಏನು ಮಾಡೀದಿ ಅಂದೆ. ಹಿಟ್ಟು ಉಳದಿತ್ತು, ತೆಳು ಜುಣಕ ಮಾಡೇನಿ ಅಂದಳು. ಜುಣಕ ಮುರದು ಜುಣಕದಾಗ ಅದ್ದಿ ತಿಂದೆ. ಅವತ್ತ ಅಫಜಲಪುರ ಮುಟ್ಟೋತನಕ ಎಂಜಿನ್ ಗುಡುಗುಡು ಯಾವುದು, ಹೊಟ್ಟಿ ಗುಡುಗುಡು ಯಾವುದು ಅಂತ ನಂಗೇ ತಿಳೀಲಿಲ್ಲ.

ಆಮ್ಯಾಲ ಪತ್ತಾಗೋಬಿ, ಅದೇ ಎಲೆಕೋಸಿನ ಎಲಿ ಬಂತು. ಅಗಲನ ಎಲಿ ಬಿಡಿಸಿ, ಬಿಸಿ ನೀರಾಗ ಒಮ್ಮಿ ಅದ್ದಿ ತಗದು, ಒಳಗ ಹೆಸರು ಕಾಳಿನ ಪಲ್ಯ ಇಟ್ಟು ಸುತ್ತಿ ಡಬ್ಬಿಗೆ ಹಾಕಿದಳು. ಜೇವರ್ಗಿ ಸ್ಟ್ಯಾಂಡಿನಾಗ ಡಬ್ಬಿ ತಗದು ಎಂಜಿನ್ ಬಾಜೂಕ ಇಟ್ಟು, ಕೈ ತೊಳಿಯಾಕ ಇಳದೆ. ಅಷ್ಟ್ರಾಗ ಕೊಳಕೂರಿಗೆ ಹೋಗೋ ಒಬ್ಬ ಮುದುಕಿ ಆಡು ಹಿಡಕೊಂಡು ಹತ್ತಿ, ಅದನ್ನ ನನ್ನ ಸೀಟಿನ ಹಿಂದಿನ ಕಂಬಕ್ಕ ಕಟ್ಟಿ ಕುಂತಿದ್ದಳು. ನಾ ಬಂದು ನೋಡಿದ್ರ ಡಬ್ಬಿನಾಗ ಒಂದೂ ಎಲಿ ಇಲ್ಲ. ಆಡು ಬಾಯಿ ಆಡಿಸ್ಕೋತ ನನ್ನ ಮಾರಿನೇ ನೋಡಾಕತ್ತಿತ್ತು. ಹೆಸರು ಕಾಳಿನ ಪಲ್ಯ ಅಷ್ಟು ನನಗ ಬಿಟ್ಟಿತ್ತು.

ಹಸದ ಹೊಟ್ಟಿ, ಸಿಟ್ಟು ನೆತ್ತಿಗೇರಿತು. ಮುದುಕಿಗೆ ನಾಕು ಮಾತು ಅಂದೆ. ನನ್ನ ರೊಟ್ಟಿ ತಿಂದುಹಾಕ್ತಲ್ಲಬೇ ನಿನ್ನ ಆಡು ಅಂದೆ. ಆಕಿ ಎದ್ದು ಬಂದು ಡಬ್ಬಿ ನೋಡಿದಳು, ಅಂಟಿಕೊಂಡಿದ್ದ ಎಲಿ ಚೂರು ನೋಡಿದಳು, ಕಡೀಗೆ ನನ್ನ ನೋಡಿದಳು.

'ಎಪ್ಪಾ, ಆಡಿನ ಮೇವು ಡಬ್ಬಿಗೆ ಹಾಕಿಕೊಂಡು ಬಂದಾವ ನೀ. ಅದರ ಊಟ ಅದು ಉಂಡದ. ನಿನ್ನ ಊಟ ಎಲ್ಲಿ ಬಿಟ್ಟು ಬಂದಿ, ಅದನ್ನ ಹುಡುಕು.'

೩. ಸಪ್ಪಳ ನಿಂತ ಮನಿ

ಕಡೀಗೆ ದಾರಿ ಸಿಕ್ಕಿದ್ದು ಅಗಸಿಯಿಂದ. ನಮ್ಮ ಕಡಿ ಅಗಸಿ ಹಿಂಡಿ, ಅಂದ್ರ ಅಗಸಿ ಬೀಜದ ಚಟ್ನಿ ಪುಡಿ, ಇಲ್ಲದ ಮನಿನೇ ಇಲ್ಲ. ಒಂದಿನ ನಮ್ಮಾಕಿ ಹಿಂಡಿ ಮಾಡಾಕ ಅಗಸಿ ಹುರದು ಪುಡಿ ಮಾಡಾಕತ್ತಾಗ ಅದರ ಮ್ಯಾಲ ತಂಬಿಗಿ ನೀರು ಉರುಳಿತು. ಹಾಳಾತು ಅಂತ ಬಳೀಲಿಕ್ಕೆ ಹೋದ್ರ ಪುಡಿ ಎಲ್ಲಾ ಕೂಡಿ ಹಿಟ್ಟಿನ ಹಂಗ ಉಂಡಿ ಆಗಿತ್ತಂತ. ಬಿಟ್ಟಾಳೇನು ಆಕಿ. ಉಪ್ಪು, ಜೀರಿಗಿ, ಹಸಿ ಮೆಣಸಿನಕಾಯಿ ಹಾಕಿ ನಾದಿ, ಎರಡು ಪ್ಲಾಸ್ಟಿಕ್ ಹಾಳಿಗೆ ಎಣ್ಣಿ ಸವರಿ, ನಡುವ ಉಂಡಿ ಇಟ್ಟು ತಾಟಿನ್ಲೆ ಒತ್ತಿ, ಹಂಚಿಗೆ ಹಾಕಿದಳು.

ಪುಂಡಿ ಪಲ್ಯದ ಕೂಡ ಮೊದಲ ತುತ್ತು ಬಾಯಿಗಿಟ್ಟೆ ನೋಡ್ರಿ, ಕಣ್ಣಾಗ ನೀರು ಬಂತು. ಮುರದ್ರ ಮುರೀತದ, ಮಡಚಿದ್ರ ಮಡಚ್ತದ, ಪಲ್ಯ ಎತ್ತಿದ್ರ ಎತ್ತತದ. ಮೇಡಂಗ ಫೋನ್ ಮಾಡಿ ಕೇಳಿದ್ರ ಭೇಷ್, ತಿನ್ನಿ ಅಂದ್ರು. ಮನ್ಯಾಗ ನಾವಿಬ್ಬರೇ, ಮಗಳು ಗಂಡನ ಮನ್ಯಾಗ. ತನಗೊಬ್ಬಳಿಗೆ ಎಲ್ಲಿ ಜ್ವಾಳದ ಹಿಟ್ಟು ನಾದಲಿ ಅಂತ ಆಕೀನೂ ಅದನ್ನೇ ತಿಂದಳು. ವಾರ ಆರಾಮ್ ಹೋತು.

ಆದ್ರ ಒಂದು ಮಾತು ಇಬ್ಬರಿಗೂ ಹೊಳೀಲಿಲ್ಲ. ಅಗಸಿ ರೊಟ್ಟಿ ಒತ್ತೋದು, ಬಡಿಯೋದಲ್ಲ. ನಮ್ಮ ಓಣ್ಯಾಗ ಮುಂಜಾನಿ ಯಾರ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಬರಂಗಿಲ್ಲೋ, ಆ ಮನಿ ಹೆಣ್ಮಗಳು ತವರಿಗೆ ಹೋಗಿರಬೇಕು, ಇಲ್ಲಾ ಹಾಸಿಗಿ ಹಿಡದಿರಬೇಕು, ಇಲ್ಲಾ ಗಂಡನ ಕೂಡ ಜಗಳ ತಗದಿರಬೇಕು. ನಮ್ಮಾಕಿ ದಿನಾ ನಳಕ್ಕ ಬಂದು ಗಟ್ಟಿಮುಟ್ಟಾಗಿ ಕೊಡ ಹೊರತಾಳ. ಅಂದಮ್ಯಾಲ ಉಳದದ್ದು ಒಂದೇ.

ಒಂದಿನ ಸಂಜಿಕಿ ಡ್ಯೂಟಿ ಮುಗಿಸಿ ಬಂದ್ರ ಪಡಸಾಲ್ಯಾಗ ಎದುರು ಮನಿ ಆಯಿ, ಆಕಿ ಹಿರಿಮಗ ಚಾಪಿ ಮ್ಯಾಲ ಕುಂತಾರ. ಓಣಿಗೆಲ್ಲ ದೊಡ್ಡಾಕಿ ಆ ಆಯಿ, ಆಕಿ ಮಾತು ಮೀರವರಿಲ್ಲ. ನಾ ಚಪ್ಪಲಿ ಬಿಡೋತನಕ ತಡೀಲಿಲ್ಲ, ಆಕಿಗೆ ಏನಂದಿ ತಮ್ಮಾ ಅಂತ ಕೇಳಿದಳು. ಏನೂ ಅಂದಿಲ್ಲಬೇ ಆಯಿ ಅಂದೆ. ಮತ್ತ ವಾರದಿಂದ ನಿಮ್ಮ ಮನ್ಯಾಗ ರೊಟ್ಟಿ ಸಪ್ಪಳ ಯಾಕಿಲ್ಲ ಅಂದಳು.

ಸಕ್ರಿ ಸುದ್ದಿ ಹೇಳಂಗಿಲ್ಲ. ಆಕಿ ದಿನಾ ರೊಟ್ಟಿ ಮಾಡ್ತಾಳಬೇ, ಸಪ್ಪಳ ಬರಂಗಿಲ್ಲ ಅಷ್ಟೇ ಅಂದೆ. ಆಯಿ ಮಗನ ಕಡಿ ಹೊಳ್ಳಿ, 'ಕೇಳಿದೇನು? ಸುಳ್ಳು ಹೇಳಾಕತ್ತಾನ, ತಪ್ಪು ಇವಂದೇ ಅದ' ಅಂದಳು. ಸಾಕ್ಷಿಗೆ ನಮ್ಮಾಕಿ ಕಡಿ ನೋಡಿದೆ. ಆಕಿ ನಗು ತಡೀಲಾರದ ಬಾಯಿಗೆ ಸೆರಗು ಮುಚ್ಚಿಕೊಂಡು ಮೈ ಅಲುಗಿಸಾಕತ್ತಿದ್ದಳು. ಅಳಾಕತ್ತಾಳ ಅಂತ ತಿಳದು ಆಯಿ ಎದ್ದು ಹೋಗಿ ತೆಕ್ಕಿಗೆ ಹಾಕೊಂಡಳು. ಅಲ್ಲಿಗೆ ನನ್ನ ಕೇಸು ಖಲಾಸ್.

ಇನ್ನೊಮ್ಮಿ ಅನ್ನಂಗಿಲ್ಲ ಅಂತ ಕೈ ಮುಗದು ತಪ್ಪೊಪ್ಪಿಕೊಂಡೆ. ಏನು ಅನ್ನಂಗಿಲ್ಲ ಅನ್ನೋದು ನಂಗೂ ಗೊತ್ತಿಲ್ಲ, ಆಯಿಗೂ ಗೊತ್ತಿಲ್ಲ. ನಮ್ಮಾಕಿ ಮಾತ್ರ ದೊಡ್ಡ ಮನಸು ಮಾಡಿ ಮಾಫ್ ಮಾಡಿದಳು.

ಮರುದಿನ ಮುಂಜಾನಿಯಿಂದ ನಂದು ಅಗಸಿ ರೊಟ್ಟಿ ಒತ್ತಿಟ್ಟ ಮ್ಯಾಲ, ಓಣಿ ಕಿವಿ ಸಲುವಾಗಿ ಮೊದಲಿನ ಹಂಗ ಜ್ವಾಳದ ರೊಟ್ಟೀನೂ ಬಡಿಯಾಕ ಶುರು ಮಾಡಿದಳು. ಇಷ್ಟು ರೊಟ್ಟಿ ಯಾರು ತಿನ್ನವರು ಅಂದ್ರ, ತಿನ್ನವರಿಗೇನು ಬರಗಾಲಿಲ್ಲ, ನೀವು ನಿಮ್ಮ ಪಥ್ಯ ನೋಡಿಕೊಳ್ರಿ ಅಂದಳು. ಯಾರಿಗೋ ಕೊಡ್ತಾಳ ಅಂತ ತಿಳದು ಸುಮ್ನಾದೆ. ಡ್ಯೂಟಿಗೆ ಹೊಂಟಾಗ ಆಯಿ ಬಾಗಿಲದಾಗ ನಿಂತು ನಮ್ಮ ಮನಿ ಸಪ್ಪಳ ಕೇಳಿ ತಲಿ ಆಡಿಸಿದಳು. 'ನೋಡು ತಮ್ಮಾ, ಹೇಂತಿ ಕೂಡ ಒಂದು ಛಲೋ ಮಾತು ಆಡಿದ್ರ ಬಿಸಿ ರೊಟ್ಟಿ ಹ್ಯಾಂಗ ಸಿಗ್ತಾವ.' ಹೌದಬೇ ಆಯಿ ಅಂದು ಅಗಸಿ ಡಬ್ಬಿ ಬಗಲಾಗ ಮುಚ್ಚಿಕೊಂಡು ಬಸ್ ಸ್ಟ್ಯಾಂಡ್ ಕಡಿ ನಡದೆ.

೪. ಸ್ಟೇಜ್ ಸ್ಟೇಜಿಗೆ

ನನ್ನ ಕಂಡಕ್ಟರ್ ಆಳಂದದ ಸಾಬರ ಪೈಕಿ, ನನಗಿಂತ ಹತ್ತು ವರ್ಷ ಸಣ್ಣವ. ನನ್ನ ಸಕ್ರಿ ಸುದ್ದಿ ನಮ್ಮಾಕಿ ಬಿಟ್ರ ಅಂವಗೊಬ್ಬಗೇ ಗೊತ್ತು. ಬಸ್ ಹವಳಗಾ ಕಡಿ ಬಂದು ಸಕ್ರಿ ಫ್ಯಾಕ್ಟರಿ ಕಂಡ್ರ ಸಾಕು, ಅಣ್ಣಾ ಮೂಗು ಮುಚ್ಚಿಕೊಳ್ರಿ, ವಾಸನಿ ತಗೊಂಡ್ರೂ ಏರ್ತದ ಅಂತ ಚಾಷ್ಟಿ ಮಾಡಾಂವ.

ಒಂದಿನ ಜೇವರ್ಗಿ ಸ್ಟ್ಯಾಂಡಿನಾಗ ನನ್ನ ಡಬ್ಬಿಗೆ ಕೈ ಹಾಕಿದ. ಒಂದು ಅಗಸಿ ರೊಟ್ಟಿ ತಿಂದ. ಮಸ್ತ್ ಅದರಿ ಅಣ್ಣಾ ಅಂದು ಇನ್ನೊಂದು ತಿಂದ. ತಡೀಯೋ, ಇದು ರೂಢಿ ಇಲ್ಲದವರು ಕಡಿಮಿ ತಿನ್ನಬೇಕು, ಹೊಟ್ಟಿ ಸಡ್ಲ ಮಾಡ್ತದ ಅಂದೆ. ತನಗ ಬಿಟ್ಟು ನಾ ಒಬ್ಬನೇ ತಿನ್ನಾಕ ನೋಡಾಕತ್ತೇನಿ ಅಂತ ತಿಳದ. ಡಬ್ಬಿನಾಗಿದ್ದ ಐದೂ ರೊಟ್ಟಿ ಖಾಲಿ ಮಾಡಿ, ಮ್ಯಾಲ ಎರಡು ತಂಬಿಗಿ ನೀರು ಕುಡದು ಸೀಟಿ ಊದಿದ.

ಜೇವರ್ಗಿ ಬಿಟ್ಟು ಕೊಂಚ ದೂರ ಬಂದಿದ್ವಿ, ಮತ್ತ ಸೀಟಿ ಬಂತು. ನಿಲ್ಲಿಸಿದೆ. ಅಂವ ಇಳದು ಜಾಲಿ ಗಿಡದ ಹಿಂದ ಓಡಿದ. ಬಂದ, ಹೊಂಟ್ವಿ. ಇನ್ನೊಂದು ಊರು ದಾಟೋದ್ರಾಗ ಮತ್ತ ಸೀಟಿ. ಕಂಡಕ್ಟರ್ ಇಲ್ದ ಬಸ್ ಎಬ್ಬಿಸಾಕ ಬರಂಗಿಲ್ಲ, ತುಂಬಿದ ಬಸ್ಸಿನಾಗ ಮಂದಿ ಬೆವರು ಒರಸ್ಕೋತ ಕುಂತ್ರು. ಮೂರನೇ ಸಲ ನಿಂತಾಗ ಮುಂದಿನ ಸೀಟಿನ ಒಬ್ಬ ಮುದುಕಪ್ಪ ನನ್ನ ಹೆಗಲ ಮುಟ್ಟಿ ಭಾಳ ನಮ್ರತಾಲೆ ಹೇಳಿದ.

'ಡ್ರೈವರ್ ಸಾಹೇಬ್ರ, ಈ ಮನಷ್ಯಾ ಸ್ಟೇಜ್ ಸ್ಟೇಜಿಗೆ ಇಳಿಯಾಕತ್ತಾನ, ಹತ್ತಾಕತ್ತಾನ. ಇಂವಗೂ ಟಿಕೀಟ್ ತಗಸ್ರಿ.'

೫. ಮೂರು ತಿಂಗಳ ರಿಪೋರ್ಟ್

ವಾಯಿದೆ ಮುಗೀತು. ರಕ್ತ ಕೊಟ್ಟು ಬಂದು, ರಿಪೋರ್ಟಿನ ದಿನ ಇಬ್ಬರೂ ಹೋದ್ವಿ. ನಂಗ ಅಷ್ಟು ಅಂಜಿಕಿ ಮದಿವಿ ದಿನಾನೂ ಆಗಿರಲಿಲ್ಲ. ನಮ್ಮಾಕಿ ಹೊರಗ ಬಾಕಿನ ಮ್ಯಾಲ ಕುಂತು ಘಳಿಗಿಗೊಮ್ಮಿ ಬಾಟಲಿ ಎತ್ತಿ ನೀರು ಕುಡಿಯಾಕತ್ತಿದ್ದಳು. ಆಕಿಗೂ ನನ್ನ ಚಿಂತಿಗೆ ಬಾಯಿ ಒಣಗ್ಯದ ಅಂದುಕೊಂಡೆ.

ಮೇಡಂ ಇಬ್ಬರನ್ನೂ ಒಳಗ ಕರದು, ಕಾಗದ ನೋಡಿ ನಕ್ಕರು. ಸಕ್ರಿ ಛಲೋ ಇಳದಿತ್ತು. ಬಸ್ ಹೊಡೀರಿ, ಹಿಂಗೇ ಇಟ್ಕೊಳ್ಳಿ ಅಂದ್ರು. ಆ ಕಾಗದ ಎದಿಗೆ ಹಚ್ಚಿಕೊಂಡೆ. ನಮ್ಮಾಕಿ ದೇವರಿಗೆ ಕೈ ಮುಗದು ಮತ್ತ ಬಾಟಲಿ ಎತ್ತಿದಳು. ಮೇಡಂ ಅದನ್ನ ನೋಡಿ, ಇಷ್ಟು ನೀರಡಿಕಿ ಯಾವಾಗಿಂದ ಅಂತ ಕೇಳಿದ್ರು. ಎರಡು ತಿಂಗಳಾತ್ರಿ ಅಂದಳು. ಬೆರಳು ತೋರಿಸಿ ಅಂದು ಅಲ್ಲೇ ಚುಚ್ಚಿ ನೋಡಿದ್ರು. ನೋಡಿದಕೂಡಲೇ ಅವರ ಮಾರಿ ಮ್ಯಾಲಿನ ನಗು ಮಾಯ ಆತು. ನಂದು ಮೊದಲ ದಿನ ಎಷ್ಟು ಬಂದಿತ್ತೋ, ಆಕಿದು ಅದಕ್ಕಿಂತ ಜಾಸ್ತಿ.

ಇದು ಒಳಗೊಳಗೇ ಮೊದಲಿಂದಾನೂ ಇದ್ದಿರಬೇಕು, ಆದ್ರ ಇಷ್ಟು ಏರೋ ಹಂಗ ಏನು ತಿಂದ್ರಿ ಅಂತ ಕೇಳಿದ್ರು. ನಮ್ಮಾಕಿ ತಪ್ಪು ಮಾಡಿದ ಹುಡುಗಿ ಹಂಗ ತಲಿ ಬಾಗಿಸಿದಳು.

'ಓಣ್ಯಾಗ ಮಾತು ಬರಬಾರದು ಅಂತ ದಿನಾ ರೊಟ್ಟಿ ಬಡದೆನ್ರಿ. ಕಡಿಮಿ ಬಡದ್ರ ಸಪ್ಪಳ ಜಲ್ದಿ ನಿಂತು ಆಯಿಗೆ ಸಂಶೇ ಬರ್ತದ. ಬಡದ ಮ್ಯಾಲ ಚೆಲ್ಲಾಕ ಬರ್ತದೇನ್ರಿ? ಇವ್ರ ಪಾಲಿಂದೂ ನಾನೇ ಉಂಡೆ.'

ಮೂರು ತಿಂಗಳು ನನ್ನ ತಾಟಿನಾಗ ಏನದ, ಏನಿಲ್ಲ ಅಂತ ನೋಡಿದೆ, ಆಕಿ ತಾಟಿನ ಕಡಿ ಒಮ್ಮಿನೂ ಹೊಳ್ಳಿ ನೋಡಲಿಲ್ಲ. ಅಲ್ಲೇ ಕುಂತಲ್ಲೇ ಭೂಮಿಗಿಳದು ಹೋದೆ.

ಪಥ್ಯ ಮಾಡದಿದ್ರ ನಿಮಗೆ ದಿನಾ ಇನ್ಸುಲಿನ್ ಸೂಜಿನೇ ಗತಿ ಆಗುತ್ತೆ ಅಂತ ಮೇಡಂ ಆಕಿಗೆ ಗದರಿಸಿದ್ರು. ನಮ್ಮಾಕಿ ಅದನ್ನ ಕಿವಿಗೇ ಹಾಕೊಳ್ಳಲಿಲ್ಲ. 'ಅದಿರ್ಲಿ ಮೇಡಂ, ಇವ್ರು ಗಾಡಿ ಹೊಡೀಬಹುದಲ್ರಿ?' ಅಂದಳು.

'ಹೊಡೀಬಹುದಮ್ಮ. ಈಗ ನಿಮ್ಮದು ಇಳಿಸಬೇಕಲ್ಲ?'

'ನಂದೇನ್ರಿ, ನಾ ಯಾವ ಬಸ್ ಹೊಡೀಬೇಕಾಗ್ಯದ?'

ಮೇಡಂ ಪೆನ್ ಕೆಳಗಿಟ್ರು. ನಂಗ ತಡಕೊಳ್ಳಾಕಾಗಲಿಲ್ಲ. ಎದ್ದು ನಿಂತು ಹೇಳೇಬಿಟ್ಟೆ. ಮೇಡಂ, ಆಕಿಗೂ ಮೂರು ತಿಂಗಳು ವಾಯಿದೆ ಬರೀರಿ. ನಾಳಿಯಿಂದ ಆಕಿ ಒಲಿ ಮುಂದ ಕುಂಡ್ರಂಗಿಲ್ಲ. ಅಗಸಿ ರೊಟ್ಟಿ, ಪಲ್ಯ, ಎಲ್ಲಾ ಅಡಿಗಿ ನಾನೇ ಮಾಡಿ ಹಾಕ್ತೇನಿ.

ಅಲ್ಲಿತನಕ ರಿಪೋರ್ಟಿಗೆ ಅಂಜದ, ಸೂಜಿಗೆ ಅಂಜದ ನಮ್ಮಾಕಿ ದಿಗ್ಗನ ಎದ್ದಳು. ನನ್ನ ಅಡಿಗಿ ಆಕಿ ಒಂದೇ ಸಲ ಉಂಡಾಕಿ, ಮಗಳು ಹುಟ್ಟಿದಾಗ. ಕುರ್ಚಿ ಮೇಡಂ ಕಡಿ ಎಳಕೊಂಡು, ಕುಬಸದ ತೋಳು ಮ್ಯಾಲ ಸರಿಸಿ, ಮೇಜಿನ ಮ್ಯಾಲ ಕೈ ಚಾಚಿದಳು.

'ಮೇಡಂ, ನಂಗ ಸೂಜಿನೇ ಹಾಕ್ರಿ.'