ಸಮುದ್ರ ಉಳಿಸಲು ಹೊರಟ ಸೋಲಾನಂ ಡಬ್ಬಿ

ಸಮುದ್ರವನ್ನು ಕಾಪಾಡುವ ಜವಾಬ್ದಾರಿ ಉಗಾರ ಖುರ್ದದ ಪಾರಿಸ ಸರ್ ಅವರ ಹೆಗಲೇರಿದ್ದು ಏಪ್ರಿಲ್ ತಿಂಗಳ ಒಂದು ರವಿವಾರ, ಎರಡನೆಯ ಚಹಾದ ಹೊತ್ತಿಗೆ. ಯಾರೂ ಹೊರಿಸಿದ್ದಲ್ಲ, ತಾವೇ ಹೊತ್ತುಕೊಂಡರು. ಮೊಬೈಲಿನಲ್ಲಿ ಆಮೆಯೊಂದು ಪ್ಲಾಸ್ಟಿಕ್ ಚೀಲ ಅಗಿಯುತ್ತಿರುವುದನ್ನು ಕಂಡು, ಹೈಸ್ಕೂಲಿನ ವಿಜ್ಞಾನ ಶಿಕ್ಷಕನೊಬ್ಬ ಬದುಕಿರುವಾಗ ಇಂಥದ್ದು ನಡೆಯಕೂಡದು ಎಂದು ಚಹಾದ ಬಶಿಯನ್ನು ಠಣ್ಣನೆ ಕೆಳಗಿಟ್ಟರು.

"ತ್ರಿಶಲಾ, ನಾ ಕರಗೋ ಹಾಳಿ ಮಾಡಾಂವ. ಪ್ಲಾಸ್ಟಿಕ್ ಬದ್ಲಿ ಅದರಾಗ ಸಾಮಾನು ಕಟ್ಟಬೇಕು. ಸಮುದ್ರಕ್ಕ ಬಿದ್ರ ಕರಗಬೇಕು, ಮೀನ ತಿಂದ್ರೂ ಅದಕ್ಕೇನೂ ಆಗಬಾರ್ದು."

"ಸಮುದ್ರ ಯಾವಾಗ ನೋಡೀರಿ ನೀವು?" ಎಂದಳು ಹೆಂಡತಿ. "ಮದವಿ ಆದ ವರ್ಷ ಗಣಪತಿಪುಳ್ಯಾಕ ಹೋದಾಗ ಪ್ಯಾಂಟ್ ಮಡಚಿ ದಂಡಿ ಮ್ಯಾಲ ನಿಂತಿದ್ರಿ. ತೆರಿ ಬಂದ ಕೂಡಲೆ ನನ್ನ ಮುಂದ ಬಿಟ್ಟು ಹಿಂದ ಓಡಿದ್ರಿ."

"ಅದು ಅರಬ್ಬೀ ಸಮುದ್ರ. ನಮ್ಮ ಕೃಷ್ಣಾ ಹೋಗೋದು ಬಂಗಾಳ ಉಪಸಾಗರಕ್ಕ." (ನಿಖರತೆಯ ವಿಷಯದಲ್ಲಿ ಸರ್ ಯಾರೊಂದಿಗೂ ರಾಜಿಯಾದವರಲ್ಲ.)

"ಅಂದ್ರ ಉಳಿಸಾಕ ಹೊಂಟಿದ್ದ ಸಮುದ್ರಾ ಇನ್ನೂ ನೋಡೇ ಇಲ್ಲ ಅಂದಂಗಾತು."

ಮಹತ್ಕಾರ್ಯಗಳಿಗೆ ಇಂಥ ವಿಘ್ನಗಳು ಇದ್ದದ್ದೇ. ಮರುದಿನದಿಂದ ಅಡುಗೆಮನೆ ಪ್ರಯೋಗಶಾಲೆಯಾಯಿತು. ಪ್ರಯೋಗಶಾಲೆಯಾದ ಮೇಲೆ ಅಲ್ಲಿ ರೊಟ್ಟಿ ಬಡಿಯುವವರೆಲ್ಲ ಅತಿಕ್ರಮಣಕಾರರು. ವಿಧಾನವೇನೋ ಸರಳ: ಗೋವಿನಜೋಳದ ಪಿಷ್ಟಕ್ಕೆ ನೀರು, ನಿಂಬೆರಸ, ಸಸ್ಯಮೂಲದ ಗ್ಲಿಸರಿನ್ ಬೆರೆಸಿ, ಒಲೆಯ ಮೇಲೆ ಅಂಟಾಗುವವರೆಗೆ ತಿರುವಿ, ತಾಟಿನಲ್ಲಿ ತೆಳ್ಳಗೆ ಹರಡಿ, ಮಾಳಿಗೆಯ ಬಿಸಿಲಿನಲ್ಲಿ ಒಣಗಿಸುವುದು. ಒಣಗಿದರೆ ಹಾಳೆ.

ಒಣಗುತ್ತಿತ್ತು. ಹಾಳೆಯಾಗುತ್ತಿರಲಿಲ್ಲ. ಉಗಾರದ ಬಿಸಿಲಿಗೆ ಪ್ರತಿಯೊಂದೂ ಬಿರುಕು ಬಿಟ್ಟು ಚೂರಾಗುತ್ತಿತ್ತು. ಸರ್ ಅವರ ತಾಯಿ ಜಿನಮತಿ ಒಂದು ಚೂರನ್ನು ಬಾಯಿಗಿಟ್ಟು, "ಸಂಡಿಗಿ ಚಲೋ ಆಗ್ಯಾವ ಪಾರಿಸ, ಉಪ್ಪ ಒಂದ ಮರತಿ," ಎಂದು ಬೆನ್ನು ತಟ್ಟಿದರು. ಜಗತ್ತು ಪ್ರತಿಭೆಯನ್ನು ಗುರುತಿಸುವ ರೀತಿ ಹೀಗಿರುತ್ತದೆ.

ಸರ್ ಓದಿ ನೋಡಿದರು. ಹೆಚ್ಚು ಬಾಗುವ, ಹೆಚ್ಚು ಪಾರದರ್ಶಕ ಹಾಳೆಗೆ ಬಟಾಟಿಯ, ಅಂದರೆ ಆಲೂಗಡ್ಡೆಯ, ಪಿಷ್ಟ ಉತ್ತಮ ಎಂದಿತ್ತು. ಓದಿದವರೇ ಸುತ್ತಮುತ್ತ ನೋಡಿ ಮೊಬೈಲ್ ಮಗುಚಿಟ್ಟರು.

ಏಕೆಂದರೆ ಈ ಮನೆಯ ಹೊಸ್ತಿಲನ್ನು ಬಟಾಟಿ ಎಂದೂ ದಾಟಿಲ್ಲ. ನೆಲದೊಳಗಿನ ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆ ಎಂದು ಕಂದಮೂಲ ಬಿಟ್ಟ ಜೈನ ಮನೆತನ. ಜಿನಮತಿಯವರಂತೂ ಮದುವೆಗೆ ಮೊದಲೇ ಮುನಿಗಳ ಎದುರು ನೇಮ ಹಿಡಿದವರು; ಜ್ವರ ಬಂದಾಗಲೂ ಮುರಿದವರಲ್ಲ. ಹಾಗಿರುವಾಗ ಮೀನಿನ ಜೀವ ಉಳಿಸಲು ಬಟಾಟಿಯ ಜೀವ ತೆಗೆಯಬಹುದೇ? ಇಂಥ ಗಹನವಾದ ಧರ್ಮಸೂಕ್ಷ್ಮವನ್ನು ಸರ್ ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಬಗೆಹರಿಸಿಬಿಟ್ಟರು. ತಿನ್ನುವುದಕ್ಕಲ್ಲವಲ್ಲ!

ಉಗಾರದ ಸಂತೆಯಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೇ ಗೊತ್ತು. ಆದ್ದರಿಂದ ಗಡಿ ದಾಟಿ ಮಿರಜಿಗೆ ಹೋಗಿ, ಕಳ್ಳಸಾಗಣೆದಾರನ ಗಾಂಭೀರ್ಯದಿಂದ ಬಟಾಟಿ ಕೊಂಡು, ಹೆಲ್ಮೆಟ್ಟಿನಲ್ಲಿಟ್ಟುಕೊಂಡು ಬಂದರು. (ತಲೆಗಿಂತ ಬಟಾಟಿಗೆ ರಕ್ಷಣೆ ಮುಖ್ಯವಾಗಿತ್ತು.) ಶಾಲೆಯ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು ಹೆರೆದು, ಹಿಂಡಿ, ತಳಕ್ಕೆ ಕುಳಿತ ಬಿಳಿ ಪಿಷ್ಟವನ್ನು ಒಣಗಿಸಿ ಡಬ್ಬಿ ತುಂಬಿದರು. ಈಗ ಡಬ್ಬಿಗೊಂದು ಚೀಟಿ ಬೇಕು. 'ಗೋವಿನಜೋಳ' ಎಂದು ಬರೆದರೆ ಸುಳ್ಳು. ಬಾಯಲ್ಲಿ ಸುಳ್ಳು ಹೇಳಬಹುದು, ಚೀಟಿಯ ಮೇಲೆ ಹೇಳಲು ವಿಜ್ಞಾನಿಗೆ ಮನಸ್ಸು ಬಾರದು. 'ಸೋಲಾನಂ ಟ್ಯೂಬರೋಸಂ' ಎಂದು ಬಟಾಟಿಯ ಶಾಸ್ತ್ರೀಯ ನಾಮಧೇಯವನ್ನೇ ಬರೆದು ಅಂಟಿಸಿದರು. ಸತ್ಯವೂ ಉಳಿಯಿತು, ಸಂಸಾರವೂ ಉಳಿಯಿತು. ಆ ಹೆಸರಿನ ಮೊದಲಲ್ಲೇ 'ಸೋಲು' ಕೂತಿದ್ದನ್ನು ಮಾತ್ರ ಅವರು ಗಮನಿಸಲಿಲ್ಲ.

"ಇದೇನ್ರಿ, ಹೊಸಾ ಡಬ್ಬಿ?" ಎಂದಳು ತ್ರಿಶಲಾ, ಅಡುಗೆಮನೆಗೆ ಬಂದ ಅದನ್ನು ಕಂಡು.

"ಅದು... ಗೋಂಜಾಳದ ಪುಡಿನ. ಸ್ವಲ್ಪ ಸುಧಾರಿಸಿದ್ದು."

"ಹೌದಾ," ಎಂದಳು. ಬಹಳ ನಿಧಾನವಾಗಿ ಎಂದಳು.

ಈ ಸಲ ಹಾಳೆಯನ್ನು ಮಾಳಿಗೆಗೆ ಒಯ್ಯುವ ಧೈರ್ಯವಾಗಲಿಲ್ಲ. ತಾಯಿ ಮತ್ತೆ ಸಂಡಿಗೆ ಎಂದು ಬಾಯಿಗಿಟ್ಟರೆ? ಮಂಚದ ಕೆಳಗೆ, ಹಳೆಯ ಟ್ರಂಕಿನ ಹಿಂದೆ ತಾಟುಗಳನ್ನು ಸರಿಸಿಟ್ಟರು. ಒಣಗಲು ದಿನ ಹಿಡಿಯಿತು. ಆದರೆ ತೆಗೆದು ನೋಡಿದರೆ ಹಾಳೆ! ಬಿರುಕಿಲ್ಲ, ಬಾಗುತ್ತದೆ, ಆಚೆಯದು ಕಾಣುತ್ತದೆ. ಉಪ್ಪುನೀರಿನ ಬಕೆಟ್ಟಿನಲ್ಲಿ ತುಂಡೊಂದನ್ನು ಬಿಟ್ಟರೆ ಮೆತ್ತಗಾಗಿ ಬಿಡಿಬಿಡಿಯಾಯಿತು. ಬಟಾಟಿಯ ಮಹಿಮೆಗೆ ಸರ್ ಮನದೊಳಗೇ ಕೈ ಮುಗಿದರು. ಮೇ ಮುಗಿಯುವಷ್ಟರಲ್ಲಿ ಮಂಚದ ಕೆಳಗೆ ದೊಡ್ಡ ಕಟ್ಟೇ ಆಯಿತು.

ಜೂನ್ ಐದು, ಪರಿಸರ ದಿನ. ಅಂದು ಶಾಲೆಗೆ ಹೊರಟಾಗ ಬಿಳಿ ಅಂಗಿ ಎಂದೂ ಇಲ್ಲದಷ್ಟು ಖಡಕ್ಕಾಗಿತ್ತು. ಮೊಣಕೈ ಮಡಚಿದರೆ ಹಪ್ಪಳ ಮುರಿದ ಸದ್ದು. ಸಂಶೋಧಕನಿಗೆ ಮನೆಯಲ್ಲಿ ಕೊನೆಗೂ ಗೌರವ ಸಿಗುತ್ತಿದೆ ಎಂದುಕೊಂಡು ಕಾಲರ್ ಸರಿಪಡಿಸಿಕೊಂಡರು.

ಮಧ್ಯಾಹ್ನ ತ್ರಿಶಲಾಳ ಫೋನು ಬಂತು. ಹಿಂದಿನಿಂದ ಮೈಕಿನ ಗದ್ದಲ.

"ರೀ, ಬಸದಿ ಸಭಾಭವನದಾಗ ಮಹಿಳಾ ಮಂಡಳದ್ದು ಪ್ಲಾಸ್ಟಿಕ್ ಬಿಡೋ ಕಾರ್ಯಕ್ರಮ ಐತಲ್ರಿ, ಮಂಚದ ಕೆಳಗಿನ ಹಾಳಿ ಎಲ್ಲಾ ಇಲ್ಲಿ ತಂದೀನಿ. ಲಾಡು ಕಟ್ಟೀವಿ. ಲಾಡು ಬಿಸಿ ಇದ್ದು, ಹಾಳಿ ಅಂಟಿಕೊಂಡಾವ, ಬಿಡವಲ್ವು. ತಿಂದ್ರೂ ನಡೀತೈತಿ ಅಂತ ಹೇಳೀನಿ. ಸುಗಂಧಾ ಕಾಕು ಮೈಕಿನಾಗ ನಿಮ್ಮ ಹೆಸರ ಹೇಳಾಕತ್ತಾರ, ಕೇಳ್ರಿ! ಅತ್ತಿನೂ ಬಂದಾರ, ಮೊದಲನೇ ಸಾಲಿನಾಗ..."

ಸರ್ ಮುಂದಿನದನ್ನು ಕೇಳಲಿಲ್ಲ. ಹತ್ತನೆಯ ತರಗತಿಗೆ ಆಮ್ಲ-ಪ್ರತ್ಯಾಮ್ಲಗಳ ನಡುವೆಯೇ ಕೈಕೊಟ್ಟು, ಕರಕರ ಎನ್ನುವ ಅಂಗಿಯಲ್ಲಿ ಓಡಿದರು. ಅವ್ವನ ಇಡೀ ಜನ್ಮದ ನೇಮ! ಅದೂ ಬಸದಿಯ ಅಂಗಳದಲ್ಲಿ! ಅದೂ ಸ್ವಂತ ಮಗನ ಕೈಯಿಂದ!

ಸಭಾಭವನದ ಬಾಗಿಲಿಗೆ ಬಂದಾಗ ಚಪ್ಪಾಳೆ ಬೀಳುತ್ತಿತ್ತು. ಮೊದಲ ಸಾಲಿನಲ್ಲಿ ಜಿನಮತಿ ಲಾಡು ಹಿಡಿದು ಕುಳಿತಿದ್ದರು. ಬಟಾಟಿ ಎಂದರೆ ಅವ್ವ ಅನ್ನನೀರು ಬಿಡುತ್ತಾರೆ, ಊರು ಮುಖ ನೋಡುವುದಿಲ್ಲ. ಸುಮ್ಮನಿದ್ದರೆ ಲಾಡು ಬಾಯಿಗೆ ಹೋಗುತ್ತದೆ. ಸರ್ ಅವರ ಬಾಯಿಂದ ಒಂದೇ ಮಾತು ಹೊರಬಿತ್ತು.

"ತಿನ್ನಬ್ಯಾಡ್ರೀ! ಅದು... ಅದು ಪ್ಲಾಸ್ಟಿಕ್!"

ಚಪ್ಪಾಳೆ ನಡುವೆಯೇ ನಿಂತಿತು. ಮಂಡಳದ ಅಧ್ಯಕ್ಷೆ ಸುಗಂಧಾ ಕಾಕು ಮೈಕು ಕೆಳಗಿಡುವುದನ್ನೂ ಮರೆತರು.

"ಪ್ಲಾಸ್ಟಿಕ್ ಬಿಡೋ ಕಾರ್ಯಕ್ರಮಕ್ಕ ಪ್ಲಾಸ್ಟಿಕ್ ಕೊಟ್ಟು ಕಳಿಸೀರೇನ್ರಿ ಸರ್? ಈಗಷ್ಟ ನಿಮಗ ಚಪ್ಪಾಳಿ ಹೊಡಸೀವಲ್ರಿ!"

"ಹೌದ್ರಿ. ಶುದ್ಧ ಪ್ಲಾಸ್ಟಿಕ್. ತಪ್ಪಾತು."

"ಶುದ್ಧ ಅಂತ!" ಎಂದಿತು ಹಿಂದಿನ ಸಾಲು.

ಜಿನಮತಿ ಗಾಬರಿಯಿಂದ ಲಾಡು ನೋಡಿದರು. "ಲೇ ಪಾರಿಸ, ನಾ ಆಗಲೇ ಅರ್ಧಾ ತಿಂದೀನಲ್ಲೋ!"

ಸರ್ ಕಂಬ ಹಿಡಿದುಕೊಂಡರು. ತಾಯಿ ಒಂದು ಕ್ಷಣ ಯೋಚಿಸಿ ಕೇಳಿದರು, "ಅಲ್ಲೋ, ಪ್ಲಾಸ್ಟಿಕ್ ಕಂದಮೂಲ ಅಲ್ಲಲ್ಲ?"

"ಅ... ಅಲ್ಲವ್ವಾ."

"ಹಂಗಾದ್ರ ನಡೀತೈತಿ. ಪ್ಲಾಸ್ಟಿಕ್ ತಿನ್ನಾಂಗಿಲ್ಲ ಅಂತ ನಾ ನೇಮ ಹಿಡದಿಲ್ಲ." ಉಳಿದರ್ಧವೂ ನೆಮ್ಮದಿಯಿಂದ ಬಾಯಿಗೆ ಹೋಯಿತು.

ಮನೆಗೆ ಬಂದ ಮೇಲೆ ತ್ರಿಶಲಾ ಸೋಲಾನಂ ಡಬ್ಬಿಯನ್ನು ತಂದು ಗಂಡನ ಎದುರು ಕುಕ್ಕಿದಳು.

"ಶುದ್ಧ ಪ್ಲಾಸ್ಟಿಕ್! ಊರ ಹೆಂಗಸರ ಮುಂದ ನನ್ನ ಗಂಡ ಮಾಡ್ಯಾರ ಅಂತ ಮೈಕಿನಾಗ ಹೇಳಿಸಿದಾಕಿ ನಾ!"

ಸರ್ ಸೋತು ಕುಳಿತರು. "ಅದು ಪ್ಲಾಸ್ಟಿಕ್ ಅಲ್ಲ ತ್ರಿಶಲಾ. ಬಟಾಟಿ. ಅವ್ವನ ನೇಮ ಮುರದ್ನಿ ನಾ."

"ಬಟಾಟಿನೂ ಅಲ್ಲ."

"ಅಂದ್ರ?"

"ಗೋಂಜಾಳ. ಡಬ್ಬಿ ಮ್ಯಾಲಿನ ಚೀಟಿ ಫೋನಿಗೆ ತೋರ್ಸಿದೆ. ಅದು ದೊಡ್ಡ ಬಟಾಟಿ ಚಿತ್ರ ತೋರ್ಸಿತು. ಅವತ್ತ ಆ ಪುಡಿ ತಗದು ನಿಮ್ಮ ಹಳೇ ಗೋಂಜಾಳದ ಪುಡಿ ತುಂಬಿದೆ. ಅತ್ತಿ ಉಣ್ಣೋ ಒಲಿ ಮ್ಯಾಲ ಬಟಾಟಿ ಕುದಸಾಕ ಬಿಡತೀನೇನು? ನೀವಾಗೇ ಬಾಯಿ ಬಿಡ್ತೀರೇನೋ ಅಂತ ಅವತ್ತಿಂದ ಕಾಯಾಕತ್ತೀನಿ. ಅತ್ತಿ ಮುಂದ ಬಟಾಟಿ ಮಾತು ಬರಬಾರ್ದಂತ ಸಭಾದಾಗೂ ಸುಮ್ಮನಿದ್ದೆ."

ಸರ್ ಅವರ ತಲೆ ಕೆಲಸ ಮಾಡತೊಡಗಿತು. ಹಾಗಾದರೆ ಗೋವಿನಜೋಳವೇ ಬಾಗಿದ್ದು! ಕೆಟ್ಟದ್ದು ಪಿಷ್ಟವಲ್ಲ, ಬಿಸಿಲು. ಗೆದ್ದದ್ದು ಬಟಾಟಿಯಲ್ಲ, ಮಂಚದ ಕೆಳಗಿನ ನೆರಳು. ಅದನ್ನೇ, ಮೈಕಿನ ಎದುರು, ತಮ್ಮ ಬಾಯಿಂದಲೇ ಪ್ಲಾಸ್ಟಿಕ್ ಎಂದು ಸಾರಿ ಬಂದಿದ್ದರು. ಇನ್ನು ಕೃಷ್ಣೆ ಹಿಂದಕ್ಕೆ ಹರಿದರೂ ಉಗಾರದಲ್ಲಿ ಆ ಹಾಳೆಯನ್ನು ಯಾರೂ ಮುಟ್ಟುವುದಿಲ್ಲ. ಆದರೂ ಎದೆಯ ಮೇಲಿನ ಕಲ್ಲೊಂದು ಇಳಿದಿತ್ತು.

"ಹೋಗ್ಲಿ ಬಿಡು. ಅವ್ವನ ನೇಮ ಉಳೀತು. ಬಟಾಟಿ ಅಂತೂ ಬಸದಿ ಅಂಗಳ ತುಳೀಲಿಲ್ಲ."

ತ್ರಿಶಲಾ ಗಂಡನ ಅಂಗಿಯ ಎದೆಯನ್ನೇ ನೋಡುತ್ತಿದ್ದಳು.

"ಏನಾತ? ತುಳೀಲಿಲ್ಲ ಹೌದಲ್ಲ?"

"ತುಳೀತು," ಎಂದಳು ಸಣ್ಣ ಧ್ವನಿಯಲ್ಲಿ. "ಆ ಬಟಾಟಿ ಪುಡಿ ಚೆಲ್ಲಿದ್ರ ದಂಡ ಅಂತ, ನಿನ್ನೆ ಹಿತ್ತಲದಾಗ ಗಂಜಿ ಕಾಸಿ ನಿಮ್ಮ ಅಂಗಿಗೆ ಹಾಕೀನಿ. ಪಾಠಾ ಮಾಡಾಕ ಸಾಲಿಗೆ ಹೋದವ್ರು ಬಸದಿಗೆ ಓಡಿ ಬರ್ತೀರಂತ ನನಗೇನ್ ಗೊತ್ತಿತ್ರಿ?"

ಸರ್ ಹಣೆ ಒರೆಸಿಕೊಳ್ಳಲು ಕೈ ಎತ್ತಿದರು. ಅಂಗಿ ಕರಕ್ ಎಂದಿತು.